ಆಯುಧಪೂಜೆಗೆ ಕುಳಿತ ನಿಕ್ಕಲ್ ಫಲಕ

ಮೊದಲು ನೀರಿಗೆ ನಮಸ್ಕಾರ. ಜೀವಮಾನವಿಡೀ ನಾನು ಅನ್ನ ಉಂಡದ್ದು ನೀರನ್ನು ಒಡೆದು. ಒಡೆಸಿಕೊಂಡರೂ ಮುನಿಯದ ಆ ತಾಯಿಗೆ ಮೊದಲ ವಂದನೆ. ಕಡಲ ನೀರಿನೊಳಗೆ ವಡಬಾಗ್ನಿ ಉರಿಯುತ್ತಿದೆಯೆಂದು ಪಾಠಶಾಲೆಯ ಚಾಪೆಯ ಮೇಲೆ ಕೂರಿಸಿ ಹೇಳಿದ ಗುರುಗಳಿಗೆ, ಅದೇ ಮಾತನ್ನು ಕಾಲೇಜಿನಲ್ಲಿ ತಂತಿ ಮತ್ತು ಗಾಜಿನ ನಳಿಗೆಗಳಿಂದ ಕಣ್ಣಿಗೆ ಕಾಣಿಸಿಕೊಟ್ಟ ಅಧ್ಯಾಪಕರಿಗೆ ಅನಂತರದ ವಂದನೆ. ನನ್ನ ಜೊತೆ ದುಡಿದವರಿಗೆ ಸಲ್ಲಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅವರು ಎಂಥವರೆಂದು ತಿಳಿದ ಮೇಲೆ ಓದುಗರೂ ನನ್ನೊಡನೆ ಅದನ್ನು ಸಲ್ಲಿಸಬಹುದು.

ಈಚೆಗೆ ಜಲಜನಕವನ್ನು ನಾಳಿನ ಇಂಧನವೆಂದು ಎಲ್ಲರೂ ಕೊಂಡಾಡುತ್ತಿದ್ದಾರೆ. ಕೆಂಗೇರಿ ಉಪನಗರದ ನನ್ನ ಮನೆಗೂ ಒಬ್ಬಿಬ್ಬರು ತರುಣ ತರುಣಿಯರು ಬಂದು, "ನಿಮ್ಮ ಕಾಲದಲ್ಲಿ ಹೇಗೆ ಮಾಡ್ತಿದ್ರಿ ಸಾರ್?" ಎಂದು ಕೇಳುವುದುಂಟು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಹುದ್ದೆ ಎಂದು ಏರಿತು, ಎಲ್ಲಿ ನಿಂತಿತು ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ, ಅದನ್ನು ಬಿಟ್ಟಿದ್ದೇನೆ.

ಎಂಬತ್ತರ ದಶಕ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಲೇತು ಮತ್ತು ಲೋಹಲೇಪನದ ಷೆಡ್ಡುಗಳ ನಡುವೆ ನಮ್ಮ ಕಾರ್ಖಾನೆಯಿತ್ತು. ಎಣ್ಣೆಯನ್ನು ಗಟ್ಟಿಮಾಡಿ ವನಸ್ಪತಿ ತಯಾರಿಸುವವರಿಗೆ ಜಲಜನಕ ಬೇಕು. ಆ ಜಲಜನಕವನ್ನು ನೀರಿನಿಂದ ವಿದ್ಯುತ್ತಿನ ಬಲದಿಂದ ಬಿಡಿಸುವ ತೊಟ್ಟಿಗಳನ್ನು ನಾವು ಕಟ್ಟಿಕೊಡುತ್ತಿದ್ದೆವು. ತೊಟ್ಟಿಯಲ್ಲಿ ಕಾಸ್ಟಿಕ್ ಸೋಡ ಬೆರೆತ ನೀರು, ಅದರಲ್ಲಿ ಎದುರುಬದುರಾಗಿ ಎರಡು ಲೋಹದ ಫಲಕಗಳು; ಒಂದರ ಮೇಲೆ ಜಲಜನಕದ ಗುಳ್ಳೆ, ಇನ್ನೊಂದರ ಮೇಲೆ ಆಮ್ಲಜನಕದ ಗುಳ್ಳೆ. ಸರಳವಾದ ಕೆಲಸ. ಆದರೆ ಅದು ವಿದ್ಯುತ್ತನ್ನು ಕುಡಿಯುವ ರೀತಿ ಸರಳವಾಗಿರಲಿಲ್ಲ. ಆ ವರ್ಷಗಳಲ್ಲಿ ವಿದ್ಯುತ್ ಕಡಿತವೆಂಬುದು ಸೂರ್ಯೋದಯದಷ್ಟೇ ನಿಶ್ಚಿತ. ಸೂರ್ಯನಿಗಾದರೂ ಒಂದು ಹೊತ್ತೆಂಬುದಿತ್ತು.

ಫಲಕದ ಮೈಮೇಲಿರುವ ಲೋಹ ನೀರಿನ ಕಣವನ್ನು ಸುಲಭವಾಗಿ ಬಿಡಿಸಿಕೊಟ್ಟರೆ ವಿದ್ಯುತ್ತು ಉಳಿಯುತ್ತದೆ. ಅಂಥ ಲೋಹವನ್ನು ಕ್ರಿಯಾವರ್ಧಕ ಎನ್ನುತ್ತೇವೆ. ಪ್ಲಾಟಿನಂ ಅದರಲ್ಲಿ ಶ್ರೇಷ್ಠ. ಆದರೆ ಅದನ್ನು ಎಣ್ಣೆ ಕಾರ್ಖಾನೆಯ ತೊಟ್ಟಿಗೆ ಹೊದಿಸುವುದೆಂದರೆ ದನದ ಕೊಟ್ಟಿಗೆಗೆ ಬೆಳ್ಳಿಯ ಬಾಗಿಲಿಟ್ಟಂತೆ. ಕಬ್ಬಿಣ ಅಗ್ಗ, ಆದರೆ ಮಂದ. ಇವೆರಡರ ನಡುವೆ ನಿಕ್ಕಲ್‌ನಿಂದ ಒಂದು ದಾರಿ ಹುಡುಕುವುದಕ್ಕಾಗಿ ಯಜಮಾನರು ಒಂದು ಚಿಕ್ಕ ಪ್ರಯೋಗಶಾಲೆ ತೆರೆದಿದ್ದರು.

ಅಲ್ಲಿ ನಾವು ನಾಲ್ವರು. ಮುಖ್ಯಸ್ಥರು ಡಾಕ್ಟರ್ ಅನಂತರಾಮಯ್ಯನವರು: ಬಿಳಿಯ ಅರ್ಧತೋಳಿನ ಅಂಗಿ, ಮಿತವಾದ ಮಾತು, ಆ ಮಾತಿನ ತುದಿಯಲ್ಲೊಂದು ಮುಳ್ಳು. ಅವರ ಕೆಳಗೆ ನಾನು. ಸಂಸ್ಕೃತ ಓದಿದವನೆಂದು ನನ್ನನ್ನು ಎಲ್ಲರೂ "ಶಾಸ್ತ್ರಿಗಳೇ" ಎಂದೇ ಕರೆಯುತ್ತಿದ್ದರು. ನನ್ನ ನಂತರ ಸರೋಜಾ, ಹೊಸಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಎಂ.ಎಸ್ಸಿ. ಪದವೀಧರೆ. ತಂದೆ ದುಡಿಯುತ್ತಿದ್ದ ಬಟ್ಟೆ ಗಿರಣಿ ಮುಚ್ಚಿದ್ದರಿಂದ ಮನೆಯ ಭಾರ ಆಕೆಯ ಮೇಲಿತ್ತು, ಹುದ್ದೆಯೋ ತಾತ್ಕಾಲಿಕ. ಲೇಪನದ ತೊಟ್ಟಿಗಳ ಉಸ್ತುವಾರಿ ಮೇಸ್ತ್ರಿ ಗಂಗಣ್ಣನದು. ಅವನು ಮಾರೇನಹಳ್ಳಿಯ ಒಕ್ಕಲು ಮನೆತನದವನು. ಹೊಲಗಳೆಲ್ಲ ಬಡಾವಣೆಯಾದ ಮೇಲೂ ಹಿತ್ತಿಲಲ್ಲಿ ಒಂದು ಹಸು ಉಳಿಸಿಕೊಂಡಿದ್ದ. ಕೆಲಸದ ಯಾವ ವಸ್ತುವನ್ನೂ ಕಾಲಲ್ಲಿ ಸೋಕುತ್ತಿರಲಿಲ್ಲ. ಸೋಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ನಮ್ಮ ಮೊದಲ ಸಂಭ್ರಮ ಮತ್ತು ಮೊದಲ ಅವಮಾನ ಒಂದೇ ತಿಂಗಳಲ್ಲಿ ಬಂದವು. ಡಾಕ್ಟರು ಒಂದು ನಿಕ್ಕಲ್ ಲೇಪನ ಸಿದ್ಧಪಡಿಸಿ, ಅದನ್ನು ಗಾಜಿನ ಪಾತ್ರೆಯಲ್ಲಿ ಪ್ಲಾಟಿನಂ ಜಾಲರಿಯ ಎದುರಿಟ್ಟು ಪರೀಕ್ಷಿಸುತ್ತಿದ್ದರು. ಸಾಮಾನ್ಯವಾಗಿ ಲೇಪನ ದಿನಕಳೆದಂತೆ ಮಂಕಾಗಬೇಕು. ಇದು ದಿನದಿನಕ್ಕೆ ಚುರುಕಾಯಿತು. ಡಾಕ್ಟರು ಯಜಮಾನರಿಗೆ ಫೋನು ಮಾಡಿದರು, ಯಜಮಾನರು ಎಣ್ಣೆ ಕಾರ್ಖಾನೆಯವರಿಗೆ ಹೇಳಿದರು, ಗಂಗಣ್ಣ ಎಲ್ಲರಿಗೂ ಮೈಸೂರುಪಾಕು ಹಂಚಿದ.

ಸರೋಜಾ ಮಾತ್ರ ಮೈಸೂರುಪಾಕನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಯಾಕಮ್ಮ, ಸಿಹಿ ಸೇರಲ್ವಾ?" ಎಂದರು ಡಾಕ್ಟರು.

"ಸೇರುತ್ತೆ ಸಾರ್. ಆದ್ರೆ ಎದುರುಗಡೆ ಇರೋ ಜಾಲರಿನ ಒಂದ್ಸಲ ತೂಕ ಹಾಕಿ ಆಮೇಲೆ ತಿಂತೀನಿ."

ತೂಕ ಹಾಕಿದೆವು. ಜಾಲರಿ ಹಗುರವಾಗಿತ್ತು. ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕರಗಿ, ದ್ರಾವಣದಲ್ಲಿ ಈಜಿಕೊಂಡು ಬಂದು ನಮ್ಮ ನಿಕ್ಕಲ್‌ನ ಮೈಮೇಲೆ ಕೂತಿತ್ತು. ಚುರುಕೆಲ್ಲ ಅದರದು. ಜಾಲರಿಯನ್ನು ತೆಗೆದು ನಿಕ್ಕಲ್ ತಗಡನ್ನೇ ಎದುರಿಟ್ಟು, ಹೊಸ ಲೇಪನವನ್ನು ಪರೀಕ್ಷಿಸಿದಾಗ ಅದು ತನ್ನ ನಿಜವಾದ ಮಂದಗತಿಗೆ ಮರಳಿತು.

"ಎರವಲು ಒಡವೆ ಹಾಕ್ಕೊಂಡು ಮದುವೇಲಿ ಮೆರೆದ ಹಾಗಾಯ್ತು, ಶಾಸ್ತ್ರಿಗಳೇ," ಎಂದರು ಡಾಕ್ಟರು. ಆಮೇಲೆ ಕನ್ನಡಕ ಒರೆಸಿಕೊಂಡು, ಯಾರನ್ನೂ ಜೊತೆಗೆ ಕರೆಯದೆ, ಯಜಮಾನರ ಕೋಣೆಗೆ ತಾವೇ ಹೋಗಿ ತಪ್ಪೊಪ್ಪಿಕೊಂಡು ಬಂದರು. ಮೇಲಧಿಕಾರಿ ಹೇಗಿರಬೇಕೆಂದು ಯಾರಾದರೂ ಕೇಳಿದರೆ ನನಗೆ ಆ ಬಾಗಿಲು ತೆರೆದು ಒಳಗೆ ಹೋದ ಬೆನ್ನು ನೆನಪಾಗುತ್ತದೆ. ಆದರೆ ಯಜಮಾನರ ಮಾತು ಖಂಡಿತವಾಗಿತ್ತು: ಇನ್ನೊಂದು ಅವಕಾಶ ಮಾತ್ರ. ಮುಂದಿನದು ಎಣ್ಣೆ ಕಾರ್ಖಾನೆಯ ನಿಜವಾದ ತೊಟ್ಟಿಯಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಪ್ರಯೋಗಶಾಲೆ ಮುಚ್ಚುತ್ತದೆ. ನಮ್ಮನ್ನು ಕಾರ್ಖಾನೆಯೊಳಗೆ ಎಲ್ಲಾದರೂ ಹಾಕುತ್ತಾರೆ. ಸರೋಜಾಳ ತಾತ್ಕಾಲಿಕ ಹುದ್ದೆ ಅಲ್ಲಿಗೆ ಮುಗಿಯುತ್ತದೆ.

ಎರಡನೆಯ ದಾರಿಯನ್ನು ತೋರಿದವಳು ಆಕೆಯೇ. ನಿಕ್ಕಲ್ಲನ್ನು ಸತುವಿನೊಡನೆ ಬೆರೆಸಿ ಫಲಕಕ್ಕೆ ಲೇಪಿಸುವುದು. ಬಳಿಕ ಫಲಕವನ್ನು ಬಿಸಿ ಕಾಸ್ಟಿಕ್ ಸೋಡದಲ್ಲಿ ಮುಳುಗಿಸಿದರೆ ಸತು ಕರಗಿಹೋಗಿ, ನಿಕ್ಕಲ್ ಸೆಟ್ ದೋಸೆಯ ಮೈಯಂತೆ ತೂತುತೂತಾಗಿ ಉಳಿಯುತ್ತದೆ. ಮೈ ಹಿಗ್ಗಿದಷ್ಟೂ ಗುಳ್ಳೆ ಹೆಚ್ಚು, ವಿದ್ಯುತ್ತು ಕಡಿಮೆ. ದೂರದ ದೇಶಗಳಲ್ಲಿ ಬಲ್ಲವರಿಗೆ ಇದು ಹೊಸದಲ್ಲ. ಆದರೆ ನಮ್ಮ ತೊಟ್ಟಿಗಳಲ್ಲಿ, ನಮ್ಮ ಗಡಸು ನೀರಿನಲ್ಲಿ, ನಮ್ಮ ಸತುವಿನಿಂದ ಅದನ್ನು ಉದುರದಂತೆ ನಿಲ್ಲಿಸುವುದಕ್ಕೆ ಬಹಳ ಶ್ರಮ ಬೇಕಾಯಿತು. ಕೊನೆಗೆ ಬಾಗಿಲಿನಗಲದ ಒಂದು ಪೂರ್ಣ ಫಲಕ ಸಿದ್ಧವಾಗಿ, ನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿ ಕುಳಿತಿತು. ವಿಜಯದಶಮಿ ಕಳೆದ ಮೇಲೆ ಅದನ್ನು ಮೈಸೂರು ರಸ್ತೆಯಲ್ಲಿ ಕೆಂಗೇರಿಯಾಚೆಗಿದ್ದ ಎಣ್ಣೆ ಕಾರ್ಖಾನೆಗೆ ಕೊಂಡೊಯ್ಯುವುದೆಂದು ಗೊತ್ತಾಗಿತ್ತು.

ನಡುವೆ ಆಯುಧಪೂಜೆ ಬಂತು. ನಮ್ಮ ಭಾಗದಲ್ಲಿ ಆ ದಿನ ಯಾವ ಯಂತ್ರವೂ ತಿರುಗುವುದಿಲ್ಲ. ಎಲ್ಲವನ್ನೂ ತೊಳೆದು, ಒರೆಸಿ, ಅರಿಶಿನ ಕುಂಕುಮವಿಟ್ಟು, ಹೂ ಮುಡಿಸಿ, ದೇವಿಯ ಪಟದೆದುರು ಸಾಲಾಗಿ ಜೋಡಿಸುತ್ತಾರೆ. ಗಂಗಣ್ಣ ಮುಂಜಾನೆಯೇ ಬಂದು ಲೇತಿನಿಂದ ಹಿಡಿದು ಸುತ್ತಿಗೆಯವರೆಗೆ ಎಲ್ಲವನ್ನೂ ಅಣಿಗೊಳಿಸಿದ್ದ. ನಾವು ಹೋಗುವ ವೇಳೆಗೆ ಬೂದುಗುಂಬಳಕ್ಕೆ ಕುಂಕುಮ ತುಂಬಿಯಾಗಿತ್ತು, ಪುರಿಯ ಚೀಲ ಬಿಚ್ಚಿಯಾಗಿತ್ತು, ಅರ್ಚಕರು ಮಂಗಳಾರತಿಗೆ ಕರ್ಪೂರ ಇಡುತ್ತಿದ್ದರು.

ಸಾಲಿನ ನಟ್ಟನಡುವೆ, ಪಟದ ಕೆಳಗೆ, ಕೆಂಪು ರವಿಕೆ ಕಣ ಹೊದ್ದು, ಸೇವಂತಿಗೆಯ ಮಾಲೆ ತೊಟ್ಟು, ನಮ್ಮ ಫಲಕ ಕುಳಿತಿತ್ತು.

ಸರೋಜಾ ನನ್ನ ತೋಳು ಹಿಡಿದಳು. "ಸಾರ್, ಅದನ್ನ ನೀರಿಂದ ತೆಗೆದುಬಿಟ್ಟಿದಾರೆ!"

ಆ ತೂತುಗಳಲ್ಲಿ ಜಲಜನಕ ಹುದುಗಿರುತ್ತದೆ. ನೀರಿನಲ್ಲಿರುವವರೆಗೆ ಅದು ಶಾಂತ. ಒಣಗಿ ಗಾಳಿ ಸೋಕಿತೋ, ಫಲಕ ತನ್ನಷ್ಟಕ್ಕೆ ತಾನೇ ಕಾಯತೊಡಗುತ್ತದೆ. ಪಾಠಶಾಲೆಯ ಗುರುಗಳು ಹೇಳಿದ್ದ ವಡಬಾಗ್ನಿಯನ್ನು ನಾನು ಆ ದಿನ ಕಣ್ಣಾರೆ ಕಂಡೆ. ಮಂಗಳಾರತಿಯ ಗಂಟೆ ಮೊಳಗುತ್ತಿದ್ದಂತೆ ಸೇವಂತಿಗೆಯ ಎಸಳುಗಳು ಒಂದೊಂದಾಗಿ ಮುದುಡಿದವು. ರವಿಕೆ ಕಣದ ಅಂಚು ಕಂದಿತು. ಅದರಡಿಯಿಂದ ತೆಳ್ಳಗೆ ಹೊಗೆ ಎದ್ದಿತು. ಧೂಪವೆಂದು ತಿಳಿದು ಹಲವರು ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು.

"ತಾಯಿ ಪ್ರಸನ್ನಳಾದಳು!" ಎಂದರು ಅರ್ಚಕರು.

"ಪ್ರಸನ್ನಳಾಗಿರೋದು ತಾಯಿ ಅಲ್ಲ ಸ್ವಾಮಿ, ನಿಕ್ಕಲ್ಲು! ಎಲ್ಲಾರೂ ಹಿಂದಕ್ಕೆ ಹೋಗಿ!" ಎಂದು ಡಾಕ್ಟರು ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಳಶಕ್ಕೆಂದು ತುಂಬಿಟ್ಟಿದ್ದ ನೀರಿನ ಬಿಂದಿಗೆಯನ್ನೆತ್ತಿ ಸರೋಜಾ ಫಲಕದ ಮೇಲೆ ಸುರಿದುಬಿಟ್ಟಳು. ಬುಸ್ಸೆಂದು ಆವಿ ಎದ್ದು, ಎಲ್ಲ ಶಾಂತವಾಯಿತು. ಕಣ ಸುಟ್ಟಿತ್ತು. ಫಲಕದ ಮೈ ನವಿಲುಗರಿಯ ಬಣ್ಣಕ್ಕೆ ತಿರುಗಿ ಕೆಟ್ಟುಹೋಗಿತ್ತು.

ಗಂಗಣ್ಣ ಗೋಡೆಗೊರಗಿ ಕುಸಿದು ಕುಳಿತ. "ಸ್ಪ್ಯಾನರ್‌ಗೂ ಕುಂಕುಮ ಇಟ್ಟಿದೀವಲ್ಲಾ ಸಾಮಿ, ಈ ಮಹಾಲಕ್ಷ್ಮಿನ ಒಬ್ಬಳ್ನೇ ನೀರಾಗೆ ಮುಳುಗಿಸಿ ಕತ್ತಲಾಗೆ ಬಿಡೋದಾ ಅನ್ನಿಸ್ತು. ನಮ್ಮ ಮನೆಯವಳು ಕಣ ಕೊಟ್ಟು ಕಳಿಸಿದ್ಲು."

ಅವನನ್ನು ಯಾರೂ ಬೈಯಲಿಲ್ಲ. ಅಷ್ಟು ಪ್ರೀತಿಯಿಂದ ಆದ ಕೇಡನ್ನು ಬೈಯುವುದಕ್ಕೆ ಮಾತು ಒದಗುವುದಿಲ್ಲ.

ಪುರಿಯನ್ನು ಹಾಗೆಯೇ ಬಿಟ್ಟು ನಾವು ಒಳಗೆ ಕುಳಿತೆವು. ಡಾಕ್ಟರ ಯೋಚನೆ ನೇರವಾಗಿತ್ತು: ಇನ್ನೊಂದು ಫಲಕವನ್ನು ಬೇಗ ಮಾಡೋಣ, ನೀರು ತುಂಬಿದ ಪೀಪಾಯಿಯಲ್ಲಿ ಸಾಗಿಸೋಣ, ಒಣಗಿಸಬಾರದೆಂದು ಎಣ್ಣೆ ಕಾರ್ಖಾನೆಯವರಿಗೆ ತಿಳಿಸೋಣ.

ಸರೋಜಾ ಕೇಳಿದಳು: "ಅಲ್ಲೂ ಆಯುಧಪೂಜೆ ಮಾಡ್ತಾರಲ್ವಾ ಸಾರ್?"

ಡಾಕ್ಟರು ತಲೆಯೆತ್ತಿದರು. ಆಕೆ ಮುಂದುವರಿಸಿದಳು:

"ವರ್ಷಕ್ಕೊಂದ್ಸಲ ತೊಟ್ಟಿ ಬಿಚ್ತಾರೆ, ತೊಳೀತಾರೆ, ಒರೆಸ್ತಾರೆ. ನಾವು ಬೋರ್ಡ್ ಹಾಕಿದ್ರೂ ಒಬ್ಬ ಗಂಗಣ್ಣ ಅಲ್ಲೂ ಇರ್ತಾನೆ. ಅದೂ ಅಲ್ಲಿ ಸುತ್ತ ಜಲಜನಕ ತುಂಬಿರುತ್ತೆ. ಇಲ್ಲಿ ಕಣ ಸುಡ್ತು. ಅಲ್ಲಿ ಏನ್ ಸುಡುತ್ತೆ ಸಾರ್?"

"ಹಾಗಾದ್ರೆ ಪರೀಕ್ಷೆ ಮುಂದಕ್ಕೆ ಹಾಕ್ಬೇಕು," ಎಂದರು ಡಾಕ್ಟರು. " ಮುಂದಕ್ಕೆ ಹಾಕಿದ್ರೆ ಯಜಮಾನರು ಮೊದಲು ತೆಗೆಯೋದು ನಿನ್ನ ಹುದ್ದೆನೇ. ಗೊತ್ತಿದೆ ತಾನೇ?"

"ಗೊತ್ತಿದೆ ಸಾರ್," ಎಂದಳು. "ಒರೆಸಿ ಹೂ ಇಟ್ರೂ ತಣ್ಣಗಿರೋ ಫಲಕ ಮಾಡಿದ್ಮೇಲೆ ಕಳಿಸೋಣ."

ಡಾಕ್ಟರು ಮತ್ತು ನಾನು ಯಜಮಾನರ ಬಳಿಗೆ ಹೋದೆವು. ಹಿಂದೆಯೇ ಗಂಗಣ್ಣನೂ ಬಂದು, "ತಪ್ಪು ನಂದು ಬುದ್ಧೀ," ಎಂದು ಕೈಮುಗಿದು ನಿಂತ. ಯಜಮಾನರು ದೊಡ್ಡ ದೈವಭಕ್ತರು, ಅಷ್ಟೇ ದೊಡ್ಡ ವ್ಯಾಪಾರಿಗಳು. ಎಲ್ಲವನ್ನೂ ಕೇಳಿ, "ಮೊದಲ್ನೇ ಸಲ ಒಡವೆ ನಮ್ಮದಲ್ಲ ಅಂದ್ರಿ. ಈ ಸಲ ಒಡವೆ ನಮ್ಮದೇ, ಆದ್ರೆ ಕೊರಳು ಸುಡುತ್ತೆ ಅಂತೀರಿ," ಎಂದರು. ನಾವು ತಲೆತಗ್ಗಿಸಿದೆವು. "ಸಂಕ್ರಾಂತಿಗೆ ಫಲಕ ಹೋಗ್ಬೇಕು. ಬರೋ ಆಯುಧಪೂಜೆವರೆಗೂ ಅದು ಅಲ್ಲಿ ನಿಂತು ತೋರಿಸ್ಲಿ. ಆ ಹುಡುಗಿ ವಿಷಯ ಆಗ ನೋಡೋಣ. ಅಲ್ಲಿವರೆಗೂ ಆಕೆ ಈಗಿರೋ ಹಾಗೇ ಇರ್ಲಿ."

ಹೀಗೆ ಆಕೆಯ ಬದುಕು ಒಂದು ಫಲಕದ ಶೀತೋಷ್ಣದ ಮೇಲೆ ನಿಂತಿತು.

ಮುಂದಿನ ತಿಂಗಳುಗಳ ಕೆಲಸವನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಂಕಿಯನ್ನು ಆರಿಸುವುದಲ್ಲ, ಸಾಕುವುದು ನಮ್ಮ ಗುರಿ. ಫಲಕವನ್ನು ನೀರಿನೊಳಗೇ ಇಟ್ಟು, ಅದಕ್ಕೆ ಗಾಳಿಯನ್ನು ಸ್ವಲ್ಪಸ್ವಲ್ಪವೇ ಉಣಿಸಿದರೆ, ಕಾಯುವುದಕ್ಕೆ ಅವಕಾಶವಿಲ್ಲದೆ ಅದು ಮೆಲ್ಲಮೆಲ್ಲನೆ ಪಳಗೀತೆಂದು ಸರೋಜಾಳ ಊಹೆ. ಮೀನಿನ ತೊಟ್ಟಿಗೆ ಗಾಳಿ ಊದುವ ಪುಟ್ಟ ಪಂಪೊಂದನ್ನು ತಂದಳು. ಅದು ಹಗಲೆಲ್ಲ ಗುಳುಗುಳು ಎನ್ನುತ್ತಿತ್ತು. "ಮೀನು ಯಾವಾಗ ಬಿಡ್ತೀಯಮ್ಮ?" ಎಂದು ಡಾಕ್ಟರು ಹಾದುಹೋಗುವಾಗಲೆಲ್ಲ ಕೇಳುತ್ತಿದ್ದರು.

ಪಳಗಿತೇ ಇಲ್ಲವೇ ಎಂದು ಪರೀಕ್ಷಿಸುವ ಕ್ರಮವನ್ನು ಗಂಗಣ್ಣನೇ ನಡೆಸತಕ್ಕದ್ದೆಂದು ನಿರ್ಧರಿಸಿದೆವು. ಹಬ್ಬದ ದಿನ ಮಾಡಿದಂತೆಯೇ ಅವನು ಫಲಕದ ತುಂಡನ್ನು ಎತ್ತಿ, ಒರೆಸಿ, ಕಣ ಹೊದಿಸಿ, ಸೇವಂತಿಗೆ ಇಡುವುದು. ನಾವು ಮರಳಿನ ಬಕೆಟ್ಟು ಹತ್ತಿರವಿಟ್ಟುಕೊಂಡು ಕಾಯುವುದು. ಉಷ್ಣಮಾಪಕವೂ ಇತ್ತು, ಆದರೆ ಹೂವೇ ನಮಗೆ ಮೊದಲು ಹೇಳುತ್ತಿತ್ತು. ಹೂ ಮುದುಡಿದರೆ ತುಂಡು ಮತ್ತೆ ನೀರಿಗೆ. ಪಕ್ಕದ ಲೇತಿನ ಷೆಡ್ಡಿನವನು ಬಾಗಿಲಲ್ಲಿ ಇಣುಕಿ, "ಏನ್ ಸಾರ್, ನಿಮ್ಮಲ್ಲಿ ದಿನಾ ಆಯುಧಪೂಜೆನಾ? ಪುರಿ ಎಲ್ಲಿ?" ಎಂದು ಕೇಳಿದ.

"ಪುರಿ ಬೇಕಾದ್ರೆ ಹತ್ರ ಬಂದು ಕೂತ್ಕೋ ಅಣ್ಣ, ಬಿಸಿಬಿಸಿ ಹುರಿದು ಕೊಡ್ತೀವಿ," ಎಂದಳು ಸರೋಜಾ.

ಧನುರ್ಮಾಸದ ಒಂದು ಬೆಳಗ್ಗೆ ಹೂ ಮುದುಡಲಿಲ್ಲ. ಕಾದೆವು. ಊಟದ ಗಂಟೆ ಹೊಡೆಯಿತು. ಹೂ ಇಟ್ಟಂತೆಯೇ ಇತ್ತು. ಗಂಗಣ್ಣ ಅಂಗೈಯನ್ನು ಫಲಕದ ಮೇಲಿಟ್ಟು, "ತಣ್ಣಗವ್ಳೆ ನಮ್ಮವ್ವ," ಎಂದ. ಮತ್ತೆ ದ್ರಾವಣಕ್ಕಿಳಿಸಿ ವಿದ್ಯುತ್ತು ಹರಿಸಿದಾಗ ಫಲಕದ ಚುರುಕು ಸ್ವಲ್ಪ ತಗ್ಗಿತ್ತು. ಕಬ್ಬಿಣಕ್ಕಿಂತ ಎಷ್ಟೋ ಮೇಲು, ಮೊದಲಿದ್ದುದಕ್ಕಿಂತ ಕಡಿಮೆ.

"ಸಿಂಹಾನ ಹಿಡಿದು ಹಸು ಮಾಡಿಬಿಟ್ಯಲ್ಲಮ್ಮ," ಎಂದು ಡಾಕ್ಟರು ಪೇಚಾಡಿದರು.

"ಹಾಲು ಕೊಡೋದು ಹಸುನೇ ಅಲ್ವಾ ಸಾರ್?"

ಡಾಕ್ಟರು ತಮ್ಮ ಮೇಜಿಗೆ ಹೋದರು. ಅಂದು ಸಂಜೆ ಅವರೇ ಸರೋಜಾಳ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟು ಹೋದರು. ಬಿಚ್ಚಿದರೆ ಮೈಸೂರುಪಾಕು. ಈ ಸಲ ಆಕೆ ಯಾವುದನ್ನೂ ತೂಕ ಹಾಕದೆ ತಿಂದಳು.

ಸಂಕ್ರಾಂತಿಯ ಎಳ್ಳು ಬೀರಿದ ವಾರದಲ್ಲಿ ಪೂರ್ಣ ಫಲಕ ಎಣ್ಣೆ ಕಾರ್ಖಾನೆಯ ಒಂದು ತೊಟ್ಟಿಗೆ ಇಳಿಯಿತು. ಅಲ್ಲಿಯ ಇಂಜಿನಿಯರು ಅದನ್ನು ನೋಡಿ, "ಏನ್ ಸಾರ್, ಕರ್ರಗೆ ದೋಸೆ ಕಾವಲಿ ಥರ ಇದೆ," ಎಂದು ಮೂಗೆಳೆದರು. ಮೊದಲ ವಾರಗಳಲ್ಲಿ ಉಳಿತಾಯ ಅವರೆಣಿಸಿದಷ್ಟು ಕಾಣಲಿಲ್ಲ. ಆದರೆ ಬೇಸಿಗೆ ಬಂತು; ವಿದ್ಯುತ್ತು ಹೋಗುವುದು, ಬರುವುದು, ಮತ್ತೆ ಹೋಗುವುದು ಮೊದಲಾಯಿತು. ತೊಟ್ಟಿ ಪ್ರತಿ ಸಲ ನಿಂತು ಹೊರಟಾಗಲೂ ನಮ್ಮ ಫಲಕ ಸೊರಗದೆ ತಾನಿದ್ದ ಮಟ್ಟಕ್ಕೇ ಮರಳುತ್ತಿತ್ತು. ಪಳಗಿಸುವಾಗ ಅದು ಕಲಿತ ಸಹನೆ ಇಲ್ಲಿ ಉಪಯೋಗಕ್ಕೆ ಬಂತೆಂದು ನಾನು ನಂಬಿದ್ದೇನೆ. ಡಾಕ್ಟರು ಅದಕ್ಕೆ ಬೇರೆ ಕಾರಣ ಕೊಡುತ್ತಿದ್ದರು. ಇಂಜಿನಿಯರು ಮೂಗೆಳೆಯುವುದನ್ನು ನಿಲ್ಲಿಸಿದರು. ಸರೋಜಾ ವಾರಕ್ಕೊಮ್ಮೆ ಕೆಂಗೇರಿಯ ಬಸ್ಸು ಹಿಡಿದು ಹೋಗಿ, ಊರ ಕೊಳಚೆ ಹೊತ್ತು ಹರಿವ ವೃಷಭಾವತಿ ಹೊಳೆಯ ವಾಸನೆಗೆ ಮೂಗಿಗೆ ಸೆರಗು ಮುಚ್ಚಿಕೊಂಡು ನಡೆದು, ಅಳತೆ ತೆಗೆದು ಬರುತ್ತಿದ್ದಳು. ತನ್ನ ಹುದ್ದೆಯ ಮಾತನ್ನು ಆಕೆ ಒಂದು ದಿನವೂ ಎತ್ತಲಿಲ್ಲ. ನಾನು ಮನೆಯ ದೇವರ ಮುಂದೆ ದಿನವೂ ಎತ್ತುತ್ತಿದ್ದೆ.

ಮತ್ತೆ ನವರಾತ್ರಿ ಬಂತು. ಆಯುಧಪೂಜೆಯ ದಿನ ಎಣ್ಣೆ ಕಾರ್ಖಾನೆಗೆ ನಾವೆಲ್ಲ ಹೋದೆವು, ಯಜಮಾನರೂ ಬಂದರು. ತೊಟ್ಟಿ ಬಿಚ್ಚಿ, ತೊಳೆದು, ಒರೆಸಿ, ಸಾಲಿನಲ್ಲಿ ನಮ್ಮ ಫಲಕವನ್ನೂ ಕೂರಿಸಿದ್ದರು. ಸರೋಜಾ ಊಹಿಸಿದ್ದಂತೆಯೇ ಅಲ್ಲೊಬ್ಬ ಮುದಿ ಫಿಟ್ಟರು, ನಮ್ಮಲ್ಲಿ ಯಾರೂ ಹೇಳದೆಯೇ, ಅದಕ್ಕೊಂದು ಹಸಿರು ರವಿಕೆ ಕಣ ಹೊದಿಸುತ್ತಿದ್ದ. ಗಂಗಣ್ಣ ನನ್ನನ್ನು ನೋಡಿದ, ನಾನು ಸರೋಜಾಳನ್ನು ನೋಡಿದೆ. ಆಕೆ ಹೂವನ್ನು ನೋಡುತ್ತಿದ್ದಳು.

ಗಂಟೆ ಮೊಳಗಿತು. ಆರತಿ ಎತ್ತಿ ಇಳಿಸಿದರು. ಯಜಮಾನರು ಸಾಲಿನ ಮುಂದೆ ಬಂದು, ಬಾಗಿ, ಫಲಕದತ್ತ ಕೈಚಾಚಿದರು. "ಜ್ವಾಕೆ ಬುದ್ಧೀ," ಎಂದು ಗಂಗಣ್ಣನ ಬಾಯಿಂದ ಬಂದೇ ಬಂತು. ಯಜಮಾನರು ಕೈ ಹಿಂತೆಗೆಯಲಿಲ್ಲ. ಕಣವನ್ನು ಸರಿಸಿ ಅಂಗೈಯನ್ನು ಪೂರ್ತಿಯಾಗಿ ಊರಿದರು, ಊರಿ ಹಾಗೆಯೇ ಇಟ್ಟರು. ಆಮೇಲೆ ಅದರ ಮೇಲಿದ್ದ ಒಂದು ಸೇವಂತಿಗೆಯನ್ನು ಎತ್ತಿ, ಬೆರಳಲ್ಲಿ ತಿರುಗಿಸಿ ನೋಡಿ, ಸರೋಜಾಳ ಕೈಗೆ ಕೊಟ್ಟರು.

"ಬರೋ ವರ್ಷದ ಪೂಜೆಗೆ ಹೂವು ನೀನೇ ತರ್ಬೇಕಮ್ಮ. ಅದರ ಮುಂದಿನ ವರ್ಷಕ್ಕೂ."

ಆಕೆ ಹೂವನ್ನು ಮುಡಿದುಕೊಂಡು, ಪುರಿಯ ಪೊಟ್ಟಣ ಹಿಡಿದು, ಗೋಡೆಯ ಕಡೆ ತಿರುಗಿ ನಿಂತಳು. ಸ್ವಲ್ಪ ಹೊತ್ತು ನಾವು ಯಾರೂ ಆ ಕಡೆ ನೋಡಲಿಲ್ಲ.

ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ನನ್ನ ಬಳಿ ಬೇರೆ ಉಪದೇಶವಿಲ್ಲ. ನೀವು ಮಾಡುವ ವಸ್ತು ಪ್ರಯೋಗಶಾಲೆಯಲ್ಲಿ ಎಷ್ಟು ಚುರುಕೆಂದು ಎಲ್ಲರೂ ಕೇಳುತ್ತಾರೆ. ಅದನ್ನು ಪ್ರೀತಿಯಿಂದ ಒರೆಸಿ ಹೂ ಇಡುವ ಕೈಗೆ ಅದು ಏನು ಮಾಡೀತೆಂದು ನೀವೇ ಕೇಳಿಕೊಳ್ಳಿ.

ಒಡೆದರೂ ಮತ್ತೆ ಕೂಡುವ ನೀರಿಗೆ ಜಯವಾಗಲಿ. ತಪ್ಪನ್ನು ತಾವೇ ಹೊತ್ತು ಬಾಗಿಲು ದಾಟಿದ ಅನಂತರಾಮಯ್ಯನವರಿಗೆ ಸದ್ಗತಿಯಾಗಲಿ. ಗಂಗಣ್ಣನ ಮನೆಯಲ್ಲಿ ಹಾಲು ಬತ್ತದಿರಲಿ. ಕಣ ಕೊಟ್ಟು ಕಳಿಸಿದ ಆ ತಾಯಿಯ ಅರಿಶಿನ ಕುಂಕುಮ ಬೆಳಗಲಿ. ಮುನಿದರೂ ಕಾದು ನೋಡಿದ ಯಜಮಾನರಿಗೆ, ಹೆಸರು ಕೇಳದೇ ಹೋದ ಆ ಮುದಿ ಫಿಟ್ಟರಿಗೆ ಒಳಿತಾಗಲಿ. ಸರೋಜಾ ಇದ್ದಲ್ಲಿ ಸುಖವಾಗಿರಲಿ. ನೀರಿನೊಳಗಿನ ಬೆಂಕಿಯನ್ನು ಇನ್ನು ಮುಂದೆ ಸಾಕಲಿರುವ ಮಕ್ಕಳೇ, ನಿಮ್ಮ ಕೈ ಸುಡದಿರಲಿ, ನೀವಿಟ್ಟ ಹೂ ಬಾಡದಿರಲಿ.